ಮಗುವನ್ನು ಒಪ್ಪಿಸುವುದು

ಪ್ರತಿದಿನವೂ ನಾವು ಏನನ್ನಾದರೂ ಇನ್ನೊಬ್ಬರ ವಶಕ್ಕೆ ಒಪ್ಪಿಸುತ್ತಲೇ ಇರುತ್ತೇವೆ. ಹಣವನ್ನು ಬ್ಯಾಂಕಿಗೆ, ಬಟ್ಟೆಯನ್ನು ದರ್ಜಿಗೆ, ಊರಿಗೆ ಹೊರಟಾಗ ಮನೆಯ ಬೀಗದ ಕೈಯನ್ನು ನೆರೆಯವರಿಗೆ. ಹೀಗೆ ನಂಬಿ ಒಪ್ಪಿಸಿದ ವಸ್ತುವಿಗೆ ನಮ್ಮ ಹಿಂದಿನವರು ನಿಕ್ಷೇಪವೆಂದು ಹೆಸರಿಟ್ಟಿದ್ದರು. ಜನರ ನಡುವಣ ವ್ಯಾಜ್ಯಗಳನ್ನು 18 ಬಗೆಯಾಗಿ ವಿಂಗಡಿಸಿದ ಧರ್ಮಶಾಸ್ತ್ರಕಾರರು ಅವುಗಳಲ್ಲಿ ನಿಕ್ಷೇಪಕ್ಕೂ ಒಂದು ಸ್ಥಾನವನ್ನು ಕೊಟ್ಟರು. ಅದರ ನಿಯಮ ಸರಳವಾದದ್ದು: ಕೊಟ್ಟಾಗ ಹೇಗಿತ್ತೋ ಹಾಗೆಯೇ ಹಿಂದಕ್ಕೆ ಬರಬೇಕು. ದರ್ಜಿಗೆ ಕೊಟ್ಟ ಬಟ್ಟೆ ಬೇರೆಯಾಗಿ ಬರುತ್ತದೆ, ನಿಜ; ಆದರೆ ಅದು ನಾವು ಕೊಟ್ಟ ಅಳತೆಗೆ ತಕ್ಕಂತೆ ಬರುತ್ತದೆ.

ಮಗುವನ್ನು ಒಪ್ಪಿಸುವಾಗ ಈ ನಿಯಮ ಎರಡು ಕಡೆಯಿಂದಲೂ ಕುಂಟುತ್ತದೆ. ಬೆಳಿಗ್ಗೆ ಬಿಟ್ಟುಬಂದ ಮಗು ಸಂಜೆ ಹಾಗೆಯೇ ಹಿಂದಿರುಗಿದರೆ ನಮಗೆ ಸಮಾಧಾನವಿಲ್ಲ. ಏನಾದರೂ ಕಲಿತು ಬರಬೇಕು. ಕಲಿತು ಬಂದರೆ ಆ ಕಲಿಕೆಯಲ್ಲಿ ನಮ್ಮದಲ್ಲದ ಒಂದು ದನಿ, ನಮ್ಮದಲ್ಲದ ಒಂದು ಅಭ್ಯಾಸ ಇಣಿಕಿ ನೋಡುತ್ತದೆ. ಆಗಲೂ ಮನಸ್ಸಿಗೆ ಏನೋ ಒಂದು ಬಗೆಯ ಅಳುಕು. ಅಳತೆ ಕೊಡೋಣವೆಂದರೆ ಬೆಳೆಯುವ ಜೀವಕ್ಕೆ ಅಳತೆ ಯಾವುದು? ಎರಡೂವರೆ ವರ್ಷದ ಕೂಸನ್ನು ಮಾಂಟೆಸರಿಗೋ, ಇನ್ನೂ ಚಿಕ್ಕದನ್ನು ದಿನಪೂರ್ತಿಯ ಶಿಶುಪಾಲನಾಗೃಹಕ್ಕೋ ಕರೆದೊಯ್ಯುವ ತಾಯಿತಂದೆಗಳ ಮುಂದೆ ಇರುವ ಪ್ರಶ್ನೆ, ಯಾವ ಶಾಲೆ ಒಳ್ಳೆಯದು ಎಂಬುದಕ್ಕಿಂತ ಹಿರಿದಾದದ್ದು. ಮಗುವಿನಲ್ಲಿ ನಾವು ಒಪ್ಪಿಸಬಹುದಾದದ್ದು ಯಾವುದು, ಒಪ್ಪಿಸಲಾಗದ್ದು ಯಾವುದು?

ಈ ಪ್ರಶ್ನೆ ಹೊಸದೇನಲ್ಲ; ಇಂದಿನ ಬೆಂಗಳೂರಿನಲ್ಲಿ ಗಂಡಹೆಂಡಿರಿಬ್ಬರೂ ದುಡಿಯಹೊರಟ ಮೇಲೆ ಹುಟ್ಟಿದ್ದೂ ಅಲ್ಲ. ಮಾಂಟೆಸರಿ ಎಂಬ ಹೆಸರಿನ ಮೂಲದಲ್ಲಿಯೇ ಇದು ಅಡಗಿದೆ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡಬಡಾವಣೆಯಲ್ಲಿ ಡಾಕ್ಟರ್ ಮರಿಯಾ ಮಾಂಟೆಸರಿಯವರ ಮೊದಲ 'ಮಕ್ಕಳ ಮನೆ' ತೆರೆಯಿತು. ಅದರ ಹಿಂದಿದ್ದ ಪ್ರೇರಣೆ ಕೇವಲ ವಿದ್ಯಾಪ್ರೇಮವಲ್ಲ. ಅಲ್ಲಿಯ ಹಳೆಯ ವಠಾರಗಳನ್ನು ಒಂದು ಕಂಪೆನಿ ಕೊಂಡು ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟಿತ್ತು. ತಾಯಿತಂದೆಗಳು ದುಡಿಯಲು ಹೋದ ಮೇಲೆ ಶಾಲೆಯ ವಯಸ್ಸು ಬಾರದ ಮಕ್ಕಳು ಮೆಟ್ಟಿಲುಗಳ ಮೇಲೂ ಅಂಗಳದಲ್ಲೂ ಅಲೆಯುತ್ತ, ಹೊಸದಾಗಿ ಸುಣ್ಣ ಕಂಡ ಗೋಡೆಗಳನ್ನು ಹಾಳುಮಾಡುತ್ತಿದ್ದವು. ಗೋಡೆಯ ರಿಪೇರಿಗೆ ಖರ್ಚು ಮಾಡುವ ಹಣದಲ್ಲಿ ಮಕ್ಕಳನ್ನೇ ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳಬಹುದಲ್ಲವೆ ಎಂಬುದು ಮನೆಯೊಡೆಯರ ಲೆಕ್ಕಾಚಾರ. ಗೋಡೆಯನ್ನು ಉಳಿಸಹೊರಟು ಮಕ್ಕಳನ್ನು ಕಂಡುಕೊಂಡ ಕಥೆ ಇದು. ಲೋಕದಲ್ಲಿ ಅನೇಕ ಒಳ್ಳೆಯ ಕೆಲಸಗಳು ಇಂಥ ಸಾಮಾನ್ಯ ಸ್ವಾರ್ಥದ ಹಿತ್ತಿಲ ಬಾಗಿಲಿನಿಂದಲೇ ಒಳಕ್ಕೆ ಬರುತ್ತವೆ.

ಆದುದರಿಂದ, 'ನಮ್ಮದು ಬರೀ ಮಕ್ಕಳನ್ನು ನೋಡಿಕೊಳ್ಳುವ ಜಾಗವಲ್ಲ, ಮಾಂಟೆಸರಿ' ಎಂದು ಯಾರಾದರೂ ಹೆಮ್ಮೆಯಿಂದ ಹೇಳಿಕೊಂಡರೆ, ಆ ವಿದ್ಯೆಯೇ ಮಕ್ಕಳನ್ನು ನೋಡಿಕೊಳ್ಳುವ ಜಾಗದಲ್ಲಿ ಹುಟ್ಟಿತೆಂಬುದನ್ನು ಅವರಿಗೆ ನೆನಪು ಮಾಡಿಕೊಡಬಹುದು. ಅದೇ ವರ್ಷ ಮಾಡಿದ ಒಂದು ಭಾಷಣದಲ್ಲಿ ಮಾಂಟೆಸರಿಯವರು, ಸಿರಿವಂತರ ಮನೆಯ ಹೆಂಗಸಿಗೆ ದಾದಿಯೂ ಶಿಕ್ಷಕಿಯೂ ಮನೆಯಲ್ಲಿಯೇ ದೊರೆಯುವಂತೆ ಇನ್ನು ದುಡಿಯುವ ಹೆಂಗಸಿಗೂ ದೊರೆಯುತ್ತಾರೆ ಎಂದು ಸಂತೋಷಪಟ್ಟರು. ತಾಯಿಯ ಕೆಲಸದ ಒಂದು ಭಾಗವನ್ನು ಸಮಾಜವೇ ಹೊತ್ತುಕೊಳ್ಳಬೇಕೆಂಬುದು ಅವರ ಮತ.

ಆ ಮೊದಲ ಮನೆಯ ನಿಯಮಗಳು ಓದತಕ್ಕವು. ತಾಯಂದಿರು ಹಣ ಕೊಡಬೇಕಾಗಿರಲಿಲ್ಲ, ಕೊಡಬೇಕಾದದ್ದು ಬೇರೆ. ಮಗುವನ್ನು ಹೊತ್ತಿಗೆ ಸರಿಯಾಗಿ, ಮೈಯೂ ಬಟ್ಟೆಯೂ ಶುಚಿಯಾಗಿರುವಂತೆ ಕಳುಹಿಸಬೇಕು. ವಾರಕ್ಕೊಮ್ಮೆಯಾದರೂ ಬಂದು ಶಿಕ್ಷಕಿಯೊಡನೆ ಮಾತನಾಡಬಹುದು. ಆಕೆಯನ್ನು ಗೌರವದಿಂದ ಕಾಣಬೇಕು. ಮಗುವಿನ ಮೈ ಕೊಳಕಾಗಿದ್ದರೆ, ಇಲ್ಲವೆ ತಾಯಿತಂದೆಗಳ ನಡತೆ ಸರಿಯಿಲ್ಲದಿದ್ದರೆ ಮಗುವಿಗೆ ಪ್ರವೇಶ ತಪ್ಪುತ್ತಿತ್ತು. ಶಿಕ್ಷಕಿಯೂ ಅದೇ ವಠಾರದಲ್ಲಿ ವಾಸಮಾಡಬೇಕಾಗಿತ್ತು. ಅವಳ ಬದುಕು ತಾಯಂದಿರ ಕಣ್ಣಿಗೂ, ತಾಯಂದಿರ ಬದುಕು ಅವಳ ಕಣ್ಣಿಗೂ ಬೀಳುತ್ತಿತ್ತು. ಈ ನಿಯಮಗಳಲ್ಲಿ ಬಡವರಿಗೆ ಬುದ್ಧಿ ಹೇಳುವ ಠೀವಿ ಸ್ವಲ್ಪ ಇದ್ದಿರಬಹುದು. ಆದರೂ ಒಂದು ಮಾತು ಸ್ಪಷ್ಟ: ಒಪ್ಪಿಸುವುದೆಂದರೆ ಕೈತೊಳೆದುಕೊಳ್ಳುವುದಲ್ಲ ಎಂದು ಅಲ್ಲಿ ತಿಳಿದಿದ್ದರು.

ಇಂದು ಪರಿಸ್ಥಿತಿ ತಿರುವುಮುರುವಾಗಿದೆ. ನಾವು ಹಣ ಕೊಡುತ್ತೇವೆ. ಬಹುಮಂದಿ ಅದೊಂದನ್ನೇ ಕೊಡುತ್ತೇವೆ. ಹಣ ಕೊಟ್ಟವನು ಗಿರಾಕಿಯಾಗುತ್ತಾನೆ. ಗಿರಾಕಿಗೆ ಹಕ್ಕುಗಳುಂಟು, ಕರ್ತವ್ಯಗಳಿಲ್ಲ. ಶಾಲೆಯೂ ಅಂಗಡಿಯ ಮಾತನ್ನು ಕಲಿಯುತ್ತದೆ. ಹೆಸರಿನ ಮಾತನ್ನೇ ನೋಡಿ. 1967ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಲಿ, ಮಾಂಟೆಸರಿ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲದ ಸಾಮಾನ್ಯ ಪದವೆಂದು ತೀರ್ಪು ಕೊಟ್ಟಿತು. ನಮ್ಮ ಬೀದಿಗಳಲ್ಲಂತೂ ತೀರ್ಪಿಗೆ ಕಾಯದೆಯೇ ಅದು ಸಾಮಾನ್ಯ ಪದವಾಗಿದೆ. ವರ್ಷಗಟ್ಟಲೆ ತರಬೇತಿ ಪಡೆದು ಶ್ರದ್ಧೆಯಿಂದ ನಡೆಸುವವರೂ ಅದೇ ಬೋರ್ಡು ಹಾಕುತ್ತಾರೆ. ಗೋಡೆಗೆ ನಾಲ್ಕು ಬಣ್ಣ ಬಳಿದು ಮೂರು ವರ್ಷದ ಮಗುವಿನ ಕೈಗೆ ಕಾಪಿಪುಸ್ತಕ ಕೊಡುವವರೂ ಅದೇ ಬೋರ್ಡು ಹಾಕುತ್ತಾರೆ. ಬೋರ್ಡನ್ನು ಓದಿ ನಂಬುವುದು ಸುಲಭ. ಒಂದು ಬೆಳಿಗ್ಗೆ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡುವುದು ಕಷ್ಟ.

ಹಾಗೆ ಕುಳಿತು ನೋಡಿದರೆ ಏನು ಕಾಣುತ್ತದೆ? ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿವೆ. ಒಂದು ಮಗು ಚಾಪೆ ಹಾಸಿ 10 ಗುಲಾಬಿ ಘನಗಳನ್ನು ಒಂದರ ಮೇಲೊಂದು ಏರಿಸುತ್ತಿದೆ. ದೊಡ್ಡದರ ಅಂಚು 10 ಸೆಂಟಿಮೀಟರು, ಚಿಕ್ಕದರದು 1. ಇನ್ನೊಂದು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಿದೆ. ಮತ್ತೊಂದು ಪುಟ್ಟ ಹೂಜಿಯಿಂದ ಲೋಟಕ್ಕೆ ನೀರು ಸುರಿಯುತ್ತಿದೆ. ಚೆಲ್ಲಿದರೆ ತಾನೇ ಒರೆಸುತ್ತದೆ. ಪ್ರತಿಯೊಂದು ಸಲಕರಣೆಯೂ ಒಂದೊಂದೇ ಇರುವುದರಿಂದ, ಬೇಕಾದ ಮಗು ತನ್ನ ಸರದಿಗೆ ಕಾಯುತ್ತದೆ. ಮರದ ಹಲಗೆಯ 10 ಕುಳಿಗಳಲ್ಲಿ 10 ಗುಂಡುಗಳನ್ನು ಕೂಡಿಸುವಾಗ ಒಂದು ತಪ್ಪಿದರೆ ಕೊನೆಯದು ಕೂಡುವುದಿಲ್ಲ. ತಪ್ಪನ್ನು ಹೇಳುವವರು ಯಾರೂ ಬೇಡ, ಹಲಗೆಯೇ ಹೇಳುತ್ತದೆ. ಬಹುಮಾನವಿಲ್ಲ, ಶಿಕ್ಷೆಯಿಲ್ಲ.

ನನ್ನ ಪರಿಚಯದ ತಂದೆಯೊಬ್ಬರು ಮೊದಲ ತಿಂಗಳು ಪ್ರತಿ ಸಂಜೆಯೂ ಮಗಳನ್ನು 'ಈ ಹೊತ್ತು ಏನು ಕಲಿತೆ?' ಎಂದು ಕೇಳುತ್ತಿದ್ದರಂತೆ. ಪ್ರತಿ ಸಂಜೆಯೂ ಉತ್ತರ ಒಂದೇ: 'ನೀರು ಸುರಿದೆ.' ಪಕ್ಕದ ಮನೆಯ ಮಗು ಆ ವೇಳೆಗೆ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಒಪ್ಪಿಸುತ್ತಿತ್ತು. ಇಷ್ಟು ಫೀಸು ಕೊಟ್ಟು ನೀರು ಸುರಿಯುವುದನ್ನು ಕಲಿಸಬೇಕೆ, ಅದನ್ನು ನಮ್ಮ ಬಚ್ಚಲುಮನೆಯಲ್ಲಿಯೇ ಕಲಿಯಬಹುದಲ್ಲ, ಎಂದು ಅವರು ನಗುತ್ತ ಹೇಳಿದರೂ ನಗುವಿನ ಹಿಂದೆ ಕಳವಳವಿತ್ತು. ಅವರ ಮಾತು ನಿಜ; ಬಚ್ಚಲುಮನೆಯಲ್ಲಿಯೇ ಕಲಿಯಬಹುದು. ಆದರೆ ಬಚ್ಚಲುಮನೆಯಲ್ಲಿ ನಾವು ಬಿಡುತ್ತೇವೆಯೆ? ನೀರು ಚೆಲ್ಲೀತು, ಅಂಗಿ ನೆನೆದೀತು, ಆಫೀಸಿಗೆ ಹೊತ್ತಾದೀತು ಎಂದು ಚೊಂಬನ್ನು ಕಸಿದುಕೊಳ್ಳುವವರು ನಾವೇ ಅಲ್ಲವೆ? ಮಗುವಿಗೆ ಅಲ್ಲಿ ದೊರೆತದ್ದು ನೀರಲ್ಲ, ಅವಕಾಶ. ಚೆಲ್ಲುವುದಕ್ಕೂ ಒರೆಸುವುದಕ್ಕೂ ಬೇಕಾದ ಬಿಡುವು. 2006ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಆಂಜೆಲಿನ್ ಲಿಲ್ಲಾರ್ಡ್ ಮುಂತಾದವರು, ಚೀಟಿ ಎತ್ತಿ ಪ್ರವೇಶ ಕೊಡುವ ಒಂದು ಮಾಂಟೆಸರಿ ಶಾಲೆಯ ಮಕ್ಕಳನ್ನೂ ಚೀಟಿ ಬಾರದೆ ಬೇರೆಡೆ ಸೇರಿದವರನ್ನೂ ಹೋಲಿಸಿ ನೋಡಿದಾಗ, ಐದು ವರ್ಷದ ಮಕ್ಕಳಲ್ಲಿ ಓದುಬರಹ, ಲೆಕ್ಕಗಳಲ್ಲಿ ಮಾತ್ರವಲ್ಲ, ಒಬ್ಬರೊಡನೊಬ್ಬರು ನಡೆದುಕೊಳ್ಳುವ ರೀತಿಯಲ್ಲಿಯೂ ಮೊದಲಿನವರೇ ಮುಂದಿದ್ದರು. ಆದರೆ ಅದು ವಿಧಾನವನ್ನು ನಿಷ್ಠೆಯಿಂದ ನಡೆಸಿದ ಶಾಲೆ. ಬೋರ್ಡಿನ ಫಲವಲ್ಲ ಅದು.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಅದನ್ನು ಹೇಳುವಾಗ, ಗಿಡವನ್ನು ಬಗ್ಗಿಸಲೇಬೇಕೆಂಬುದನ್ನು ನಾವು ಕೇಳದೆಯೇ ಒಪ್ಪಿಕೊಂಡಿರುತ್ತೇವೆ. ಮಾಂಟೆಸರಿಯವರ ವಾದವೆಲ್ಲ ಆ ಒಪ್ಪಿಗೆಯ ವಿರುದ್ಧವಾದದ್ದು. ಗಿಡಕ್ಕೆ ನೆಲ, ನೀರು, ಬೇಲಿ ಬೇಕು. ಬಾಗುವುದೋ ನೆಟ್ಟಗೆ ಏಳುವುದೋ ಅದರ ಒಳಗಿನ ಸತ್ವಕ್ಕೆ ಸೇರಿದ್ದು. ಬೇಲಿ ಬೇಕೆಂಬುದನ್ನು ಮರೆಯಬಾರದು. ಚಾಪೆಯನ್ನು ಸುತ್ತಿಡದೆ ಏಳುವ ಸ್ವಾತಂತ್ರ್ಯ ಅಲ್ಲಿಲ್ಲ, ಇನ್ನೊಬ್ಬನ ಕೆಲಸವನ್ನು ಕೆಡಿಸುವ ಸ್ವಾತಂತ್ರ್ಯವೂ ಇಲ್ಲ.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಜಗಳ ಹುಟ್ಟುತ್ತದೆ. ಶಾಲೆಯಲ್ಲಿ ತಾನೇ ಕಲೆಸಿಕೊಂಡು ತಿನ್ನುವ ಮಗು ಮನೆಗೆ ಬಂದೊಡನೆ ಅಜ್ಜಿಯ ಮುಂದೆ ಬಾಯಿ ತೆರೆದು ಕೂರುತ್ತದೆ. 'ತಿನ್ನಿಸಬೇಡಿ' ಎಂದು ಶಿಕ್ಷಕಿ ಚೀಟಿ ಕಳುಹಿಸುತ್ತಾಳೆ. ಕೈತುತ್ತು ಹಾಕಿ ಮೂರು ಮಕ್ಕಳನ್ನು ಬೆಳೆಸಿದ ಅಜ್ಜಿಗೆ ಇದು ಅವಮಾನ. ಚಂದ್ರನನ್ನು ತೋರಿಸುತ್ತ ಹಾಕಿದ ತುತ್ತು ಮಗುವನ್ನು ಪರಾವಲಂಬಿ ಮಾಡಿತೆಂದು ಯಾರು ಹೇಳಿಯಾರು? ಹಾಗೆ ಬೆಳೆದವರೇ ಸಮುದ್ರ ದಾಟಿ ಬಾಳುತ್ತಿಲ್ಲವೆ?

ಈ ಜಗಳದಲ್ಲಿ ಇಬ್ಬರ ಪಕ್ಷವೂ ಗಟ್ಟಿಯಾದದ್ದೇ. ಮಗು ಎರಡು ಮನೆಗಳ ಎರಡು ವ್ಯಾಕರಣಗಳನ್ನು ನಮಗಿಂತ ಬೇಗ ಕಲಿಯುತ್ತದೆ. ಎಲ್ಲಿ ತಾನು ಉಣ್ಣಬೇಕು, ಎಲ್ಲಿ ಉಣಿಸಿಕೊಳ್ಳಬಹುದು ಎಂಬುದು ಅದಕ್ಕೆ ಗೊತ್ತು. ಕೈತುತ್ತು ಹೊಟ್ಟೆ ತುಂಬಿಸುವುದಕ್ಕೆ ಮಾತ್ರ ಅಲ್ಲ. ಅದು ಒಂದು ಭಾಷೆ. ಆದರೆ ನಾವು ತಿನ್ನಿಸುವ ತುತ್ತೆಲ್ಲ ಆ ಭಾಷೆಯದಲ್ಲ. ಬೆಳಿಗ್ಗೆ ಎಂಟು ಗಂಟೆಗೆ ವ್ಯಾನು ಬರುವುದರೊಳಗೆ, ಫೋನಿನಲ್ಲಿ ಬೊಂಬೆಯಾಟ ಹಚ್ಚಿಟ್ಟು ಬಾಯಿಗೆ ತುರುಕುವ ಇಡ್ಲಿ ಯಾವ ಪ್ರೀತಿಯ ಭಾಷೆ? ಅದು ನಮ್ಮ ಅವಸರ. ಪ್ರೀತಿಯ ವೇಷ ಹಾಕಿದೆ. ಬೇಡದ ಸಹಾಯ ಬೆಳವಣಿಗೆಗೆ ಅಡ್ಡಿ ಎಂದು ಮಾಂಟೆಸರಿಯವರು ಹೇಳಿದುದು ಅಜ್ಜಿಯ ತುತ್ತಿಗಿಂತ ಈ ತುತ್ತಿಗೆ ಹೆಚ್ಚು ಅನ್ವಯಿಸುತ್ತದೆ. ಮಗುವಿಗಾಗಿ ಮಾಡುವ ಒಂದೊಂದು ಕೆಲಸದಲ್ಲಿಯೂ, ಇದು ಯಾರ ಅಗತ್ಯ, ಅದರದೋ ನನ್ನದೋ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇಲ್ಲಿಯವರೆಗಿನದು ಮಧ್ಯಾಹ್ನದೊಳಗೆ ಮುಗಿಯುವ ಕಥೆ. ಮಾಂಟೆಸರಿ ಮಧ್ಯಾಹ್ನಕ್ಕೆ ಬಿಡುತ್ತದೆ, ಆಫೀಸು ಬಿಡುವುದಿಲ್ಲ. ಆಮೇಲಿನ ಐದಾರು ಗಂಟೆ ಮಗು ಅದೇ ಕಟ್ಟಡದಲ್ಲೋ ಬೇರೆಡೆಯೋ ಆಯಾಗಳ ವಶದಲ್ಲಿರುತ್ತದೆ. ಬೆಳಗಿನ ಹೊತ್ತನ್ನು ಕುರಿತು ತಾಯಿತಂದೆಗಳು ನೂರು ಪ್ರಶ್ನೆ ಕೇಳುತ್ತಾರೆ: ಶಿಕ್ಷಕಿಯ ಡಿಪ್ಲೊಮಾ ಎಲ್ಲಿಯದು, ಸಲಕರಣೆ ಎಲ್ಲಿಂದ ಬಂದದ್ದು. ಮಧ್ಯಾಹ್ನದ ಹೊತ್ತಿನ ಬಗ್ಗೆ ಕೇಳುವುದು ಎರಡೇ: ಉಂಡಿತೆ, ಮಲಗಿತೆ. ಆದರೆ ಮಗು ಅತ್ತಾಗ ಎತ್ತಿಕೊಳ್ಳುವ ಕೈ, ಜ್ವರ ಬಂದಾಗ ಮೊದಲು ಹಣೆ ಮುಟ್ಟುವ ಕೈ ಮಧ್ಯಾಹ್ನದ್ದೇ.

ಒಬ್ಬ ತಾಯಿ ಹೇಳಿದ ಸಂಗತಿ ನೆನಪಿದೆ. ಅವಳ ಮಗ ಮೊದಲ ಹೆಜ್ಜೆ ಇಟ್ಟದ್ದು ಒಂದು ಶನಿವಾರ, ಮನೆಯಲ್ಲಿ, ಅವಳ ಕಣ್ಣೆದುರಿಗೆ. ಹಾಗೆಂದು ಅವಳು ಬಹುದಿನ ನಂಬಿದ್ದಳು. ಆಮೇಲೆ ಎಂದೋ ಮಾತಿನ ನಡುವೆ ತಿಳಿಯಿತು: ಗುರುವಾರವೇ ಅವನು ಪಾಲನಾಗೃಹದಲ್ಲಿ ನಡೆದಿದ್ದ, ನೋಡಿದ ಆಯಾ ಯಾರಿಗೂ ಹೇಳಿರಲಿಲ್ಲ. 'ಮೊದಲು ತಾಯಿ ನೋಡಲಿ ಅಂತ ಸುಮ್ಮನಿದ್ದೆ' ಎಂದಳಂತೆ ಆಕೆ.

ಇದು ಸುಳ್ಳೆ? ಆಯಾ ಸುಳ್ಳು ಹೇಳಲಿಲ್ಲ, ಸುಮ್ಮನಿದ್ದಳು. ಆದರೂ ತಾಯಿಗೆ ತನ್ನ ಮಗುವಿನ ಸಂಗತಿಯನ್ನು ತಿಳಿಯುವ ಹಕ್ಕುಂಟಲ್ಲ? ಉಂಟು, ಬಿದ್ದು ಪೆಟ್ಟಾಗಿದ್ದರೆ ಮುಚ್ಚಿಟ್ಟದ್ದು ಅಪರಾಧವಾಗುತ್ತಿತ್ತು. ಇಲ್ಲಿ ಆಕೆ ಮುಚ್ಚಿಟ್ಟದ್ದು ತನ್ನದಾಗಬಹುದಾಗಿದ್ದ ಒಂದು ಸಂತೋಷವನ್ನು. ತಾನು ಕಂಡ ಹೆಜ್ಜೆಯನ್ನು ತಾನು ಕಾಣದಂತೆ ಮಾಡಿ ಇನ್ನೊಬ್ಬಳಿಗೆ ಬಿಟ್ಟುಕೊಟ್ಟಳು. ಆ ಕೆಲಸಕ್ಕೆ ಯಾವ ಸಂಬಳದ ಪಟ್ಟಿಯಲ್ಲಿಯೂ ಬಾಬತ್ತಿಲ್ಲ. ಆ ತಾಯಿ ಮೊದಲು ಸಿಟ್ಟುಗೊಂಡಳು, ಅತ್ತಳು. ಕೊನೆಗೆ ಆಯಾಳಿಗೆ ಹೇಳಿದಳು: 'ಇನ್ನು ಮೇಲೆ ಏನು ಮಾಡಿದರೂ ನನಗೆ ಹೇಳು. ಇಬ್ಬರೂ ಸಂತೋಷಪಡೋಣ.' ಈ ಒಂದು ಮಾತು ಹಲವು ನೀತಿಗ್ರಂಥಗಳಿಗಿಂತ ದೊಡ್ಡದಾಗಿ ನನಗೆ ತೋರಿತು. ಮೊದಲು ಕಂಡವರ ಸ್ವತ್ತು ಮಗು ಎಂಬ ಎಣಿಕೆಯನ್ನು ಆಕೆ ದಾಟಿದಳು. ದೇವಕಿ ಹೆತ್ತಳು, ಯಶೋದೆ ಸಾಕಿದಳು. ಕೃಷ್ಣನ ಬಾಲಲೀಲೆಗಳನ್ನೆಲ್ಲ ಕಂಡವಳು ಯಶೋದೆ. ಅದರಿಂದ ದೇವಕಿಯ ತಾಯ್ತನ ಒಂದು ಗುಲಗಂಜಿಯಷ್ಟೂ ಕಡಮೆಯಾಗಲಿಲ್ಲ.

ಆದರೆ ಇಂಥ ಸಂಗತಿಗಳಲ್ಲಿ ಅಳುವವಳು ತಾಯಿಯೇ ಏಕೆ? ಮಗುವಿಗೆ ನೆಗಡಿಯಾದರೂ 'ಅಮ್ಮ ಕೆಲಸಕ್ಕೆ ಹೋಗುತ್ತಾಳೆ, ಪಾಪ' ಎನ್ನುವ ಲೋಕ, 'ಅಪ್ಪ ಕೆಲಸಕ್ಕೆ ಹೋಗುತ್ತಾನೆ, ಪಾಪ' ಎಂದದ್ದುಂಟೆ? ಭಾವನಗರದ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. 1913ರಲ್ಲಿ ಮಗ ಹುಟ್ಟಿದ ಮೇಲೆ, ಇವನನ್ನು ಹೇಗೆ ಬೆಳೆಸಬೇಕೆಂಬ ಚಿಂತೆ ಅವರನ್ನು ಹಿಡಿಯಿತು. ಮಾಂಟೆಸರಿಯವರ ಬರಹಗಳನ್ನು ಓದಿದರು, ವಕೀಲಿ ಬಿಟ್ಟರು, 1920ರಲ್ಲಿ ಬಾಲಮಂದಿರವನ್ನು ತೆರೆದರು. ಗುಜರಾತಿನ ಜನ ಅವರನ್ನು ಮೀಸೆಯುಳ್ಳ ತಾಯಿ ಎಂದು ಪ್ರೀತಿಯಿಂದ ಕರೆದರು. ಆ ಬಿರುದಿನಲ್ಲಿರುವ ಮೆಚ್ಚಿಗೆಯ ಜೊತೆಗೆ ಒಂದು ಚುಚ್ಚುಮಾತೂ ಇದೆ: ಮಗುವಿನ ಬಗ್ಗೆ ಇಷ್ಟು ಯೋಚಿಸುವ ಗಂಡಸಿಗೆ ತಂದೆಯೆಂಬ ಹೆಸರು ಸಾಲದೆ ಹೋಯಿತು, ತಾಯಿಯ ಹೆಸರನ್ನು ಕಡ ತರಬೇಕಾಯಿತು.

ಇನ್ನೂ ಒಂದು ಪ್ರಶ್ನೆ ಉಳಿಯಿತು. ಅದನ್ನು ಕೇಳಲು ನಮಗೆ ಅಷ್ಟಾಗಿ ಇಷ್ಟವಿಲ್ಲ. ನಮ್ಮ ಮಗುವನ್ನು ಎತ್ತಿಕೊಂಡಿರುವ ಆಯಾಳ ಮಗು ಆ ಹೊತ್ತು ಎಲ್ಲಿದೆ? ಹಲವು ವೇಳೆ ಅದು ಊರಿನಲ್ಲಿ ಅಜ್ಜಿಯ ಬಳಿ, ಇಲ್ಲವೆ ಬೀದಿಯಲ್ಲಿ ಅಕ್ಕನ ಕಂಕುಳಲ್ಲಿ. ಮಾಂಟೆಸರಿಯವರ ಜೀವನದಲ್ಲಿಯೂ ಈ ನೋವು ಇತ್ತು. ಅವರ ಮಗ ಮಾರಿಯೋ 1898ರಲ್ಲಿ ಮದುವೆಯ ಹೊರಗೆ ಹುಟ್ಟಿದವನು. ಅಂದಿನ ಸಮಾಜದ ಕಟ್ಟಿನಲ್ಲಿ ಆತನನ್ನು ಬಳಿಯಿಟ್ಟುಕೊಂಡರೆ ವೃತ್ತಿಯನ್ನು ಬಿಡಬೇಕು. ಹಳ್ಳಿಯೊಂದರಲ್ಲಿ ಬೇರೆಯವರ ಮನೆಯಲ್ಲಿ ಅವನು ಬೆಳೆದ. ಮಕ್ಕಳ ಮನೆ ತೆರೆದ ವರ್ಷ ಅವನಿಗೆ ಒಂಬತ್ತು ವಯಸ್ಸು. ಹದಿನೈದರ ಹೊತ್ತಿಗೆ ತಾಯಿಯನ್ನು ಸೇರಿದ. ಆಮೇಲೂ ಬಹುಕಾಲ ಲೋಕದ ಕಣ್ಣಿಗೆ ಸಾಕುಮಗ. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದಾಗ ಜೊತೆಗಿದ್ದವನೂ, ಯುದ್ಧದ ನಡುವೆ ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು 1940ರಲ್ಲಿ ತಾಯಿಯ 70ನೆಯ ಹುಟ್ಟುಹಬ್ಬಕ್ಕೆ ಬಿಟ್ಟುಕೊಟ್ಟದ್ದೂ ಅವನನ್ನೇ. ಇದನ್ನು ಹೇಳಿ ಆಕೆಯನ್ನು ಹಳಿಯುವುದು ಸುಲಭ. ನನಗೆ ಕಾಣುವುದು ಬೇರೆ: ತನ್ನ ಮಗುವನ್ನು ಒಪ್ಪಿಸಬೇಕಾಗಿ ಬಂದವಳಿಗೆ, ಒಪ್ಪಿಸಿದ ಮಕ್ಕಳಿಗೆ ಒಳ್ಳೆಯ ಮನೆ ಎಷ್ಟು ಅಗತ್ಯ ಎಂಬುದು ಇತರರಿಗಿಂತ ಹೆಚ್ಚು ತಿಳಿದಿರಬೇಕು.

ಆ ಮನೆ ಹಣವುಳ್ಳವರ ಸ್ವತ್ತಾಗಿಯೇ ಉಳಿಯಬೇಕಾಗಿಲ್ಲ. ಗಿಜುಭಾಯಿಯವರ ಜೊತೆಗಾತಿ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಕೆಲಸಕ್ಕೆ ತೊಡಗಿ, ದುಬಾರಿ ಸಲಕರಣೆಗಳ ಬದಲು ಬೀಜ, ಕಪ್ಪೆಚಿಪ್ಪುಗಳನ್ನು ಬಳಸಿದರು. ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೆ ಶಾಲೆಯನ್ನೇ ಕೊಂಡೊಯ್ದರು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ನಮ್ಮಲ್ಲಿ ಟಿ. ನರಸೀಪುರ ಅದರ ಮೊದಲ ನೆಲೆಯಾಯಿತು, ಅಂಗನವಾಡಿ ಮನೆಮಾತಾಯಿತು. 2023ರಲ್ಲಿ ಕರ್ನಾಟಕ ಸರ್ಕಾರ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಹಳ್ಳಿಗಳಲ್ಲಿ ಪಾಲನಾಕೇಂದ್ರಗಳನ್ನು ತೆರೆಯಹೊರಟು, ಅವಕ್ಕೆ 'ಕೂಸಿನ ಮನೆ' ಎಂದು ಹೆಸರಿಟ್ಟಿತು. ಸಾನ್ ಲೊರೆಂಜೊದ ಹೆಸರೇ ನಮ್ಮ ಊರಿನ ನುಡಿಯಲ್ಲಿ ಹುಟ್ಟಿದಂತಿದೆ. ನಮ್ಮ ಮಗುವಿಗೆ ಒಳ್ಳೆಯ ಮನೆ ಬೇಕೆನ್ನುವವರು ಆಯಾಳ ಮಗುವಿಗೂ ಅಂಥದೊಂದು ಬೇಕೆಂದು ಕೇಳದಿದ್ದರೆ, ನಮ್ಮ ಮಮತೆ ಸ್ವಲ್ಪ ಕಿರಿದಾಯಿತೆಂದೇ ಹೇಳಬೇಕು.

ಈಗ ಕೆಲವೆಡೆ ಗೋಡೆಗೆ ಕ್ಯಾಮರಾ ಕೂಡಿಸಿ, ಆಫೀಸಿನಲ್ಲಿ ಕುಳಿತೇ ಮಗುವನ್ನು ಫೋನಿನಲ್ಲಿ ನೋಡುವ ಅನುಕೂಲ ಮಾಡಿಕೊಟ್ಟಿದ್ದಾರೆ. ಕೆಟ್ಟದ್ದು ನಡೆದ ಸುದ್ದಿಗಳನ್ನು ಓದಿದವರಿಗೆ ಇದು ಬೇಡವೆನ್ನುವುದು ಕಷ್ಟ. ಕಾವಲು ಬೇಕಾದೆಡೆ ಇರಲಿ. ಆದರೆ ಕಾವಲಿಗೂ ನಂಬಿಕೆಗೂ ವ್ಯತ್ಯಾಸವುಂಟು. ಕ್ಯಾಮರಾ ಆಯಾಳ ಕೈಯನ್ನು ತೋರಿಸೀತು. ಗುರುವಾರ ಕಂಡ ಹೆಜ್ಜೆಯನ್ನು ಶನಿವಾರಕ್ಕೆ ಬಿಟ್ಟುಕೊಡುವ ಮನಸ್ಸನ್ನು ತೋರಿಸಲಾರದು. ಅದನ್ನು ಕಾಣಬೇಕಾದರೆ ಬಾಗಿಲಲ್ಲಿ ಎರಡು ನಿಮಿಷ ನಿಲ್ಲಬೇಕು, ಹೆಸರು ಹಿಡಿದು ಮಾತನಾಡಿಸಬೇಕು. ಮಗುವಿನ ಆಯಾಳ ಹೆಸರು ತಿಳಿಯದ ತಂದೆಗಳನ್ನು ನಾನು ಬಲ್ಲೆ. ಶಾಲೆಯ ಫೀಸಿನ ಮೊತ್ತ ಅವರಿಗೆ ಪೈಸೆಯವರೆಗೂ ಗೊತ್ತು.

ಹಾಗಾದರೆ ಒಪ್ಪಿಸಬಹುದಾದದ್ದು ಯಾವುದು, ಒಪ್ಪಿಸಲಾಗದ್ದು ಯಾವುದು? ಮಗುವಿನ ಹೊತ್ತನ್ನು ಒಪ್ಪಿಸಬಹುದು, ಊಟನಿದ್ದೆಗಳನ್ನು ಒಪ್ಪಿಸಬಹುದು, ಕಲಿಕೆಯನ್ನೂ ಬಹುಮಟ್ಟಿಗೆ ಒಪ್ಪಿಸಬಹುದು; ಇದರಲ್ಲಿ ಪಾಪವೇನೂ ಇಲ್ಲ. ಹಿಂದಿನವರೂ ಅಜ್ಜಿಗೆ, ಅತ್ತೆಗೆ, ನೆರೆಮನೆಗೆ ಒಪ್ಪಿಸಿಯೇ ಮಕ್ಕಳನ್ನು ಸಾಕಿದರು. ಒಪ್ಪಿಸಲಾಗದ್ದು, ಆ ಮಗು ಯಾರೆಂದು ತಿಳಿಯುವ ಕುತೂಹಲ. ಅದನ್ನು ಇನ್ನೊಬ್ಬರು ನಮ್ಮ ಪರವಾಗಿ ಮಾಡಲಾರರು. ಧರ್ಮಶಾಸ್ತ್ರದ ಮಾತಿಗೆ ಬಂದರೆ, ಅಲ್ಲಿ ಒಡೆಯ ಒಬ್ಬ, ಇಟ್ಟುಕೊಂಡವನು ಇನ್ನೊಬ್ಬ. ಮಗುವಿನ ವಿಷಯದಲ್ಲಿ ಒಡೆಯ ಯಾರು? ನಾವೆಂದುಕೊಂಡದ್ದರಿಂದಲೇ ಇಷ್ಟು ಅಳುಕು. ನಮ್ಮ ಕೈಗೂ ಅದು ಕೆಲವು ವರ್ಷದ ಮಟ್ಟಿಗೆ ನಂಬಿ ಕೊಟ್ಟದ್ದೇ. ಅದರ ನಿಜವಾದ ಒಡೆಯ ಇನ್ನೂ ದೊಡ್ಡವನಾಗಿಲ್ಲ. ದೊಡ್ಡವನಾದ ದಿನ ಅವನು ಬಂದು, ನನ್ನ ಬಾಲ್ಯವನ್ನು ಏನು ಮಾಡಿದಿರಿ ಎಂದು ನಮ್ಮನ್ನೂ ಆಯಾಳನ್ನೂ ಒಟ್ಟಿಗೆ ಕೇಳುತ್ತಾನೆ. ಆಗ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರೆ ಉತ್ತರ ಹೇಳುವುದು ಸುಲಭ.